ಹೆಂಚಕ್ಕನಿಗೆ ಸಿಕ್ಕ ಸಂಜೆ

ಹೋಟೆಲಿನ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು ಸುಟ್ಟುಹೋದದ್ದು ಮಧ್ಯಾಹ್ನದ ಊಟದ ಗದ್ದಲ ಮುಗಿಯುವ ಹೊತ್ತಿಗೆ. ಮಾಲೀಕ ಬಂದು, ಮೂಗಿಗೆ ಕರವಸ್ತ್ರ ಹಿಡಿದು, ಮೇಲೆ ನೋಡಿ, ಕೆಳಗೆ ನೋಡಿ, ಮನೆಯಲ್ಲಿ ಯಾರೋ ತೀರಿಕೊಂಡಂಥ ಮುಖ ಮಾಡಿ, "ಇವತ್ತು ಸಂಜೆ ಬಾಗಿಲು ಹಾಕೋಣ" ಅಂದ. ಮರುಕ್ಷಣವೇ, "ಇದು ನಿಮ್ಮ ನಿಮ್ಮ ರಜೆ ಲೆಕ್ಕಕ್ಕೆ" ಅಂತಲೂ ಸೇರಿಸಿದ. ಕೆಟ್ಟದ್ದು ಅವನ ಫ್ಯಾನು, ಹೋದದ್ದು ಇವರ ರಜೆ. ಆ ಅಡುಗೆಮನೆಯಲ್ಲಿ ನ್ಯಾಯ ಹೀಗೇ ಬೇಯುತ್ತಿತ್ತು.

ಉಳಿದವರೆಲ್ಲ ಗೊಣಗಿದರು. ಹೆಂಚಕ್ಕ ಗೊಣಗಲಿಲ್ಲ. ಏಪ್ರನ್ನಿನ ಗಂಟು ಬಿಚ್ಚುವಷ್ಟರಲ್ಲೇ ಅವಳ ಮನಸ್ಸು ಬೀದಿ ದಾಟಿ, ಬಸ್ಸು ಹತ್ತಿ, ಮನೆಯ ಮೆಟ್ಟಿಲು ಮುಟ್ಟಿಯಾಗಿತ್ತು. ಗಂಡನಿಗೆ ಇವತ್ತು ವಾರದ ರಜೆ. ಒಂದೇ ಸಂಜೆ ಇಬ್ಬರೂ ಎಚ್ಚರವಾಗಿ ಒಂದೇ ಸೂರಿನ ಕೆಳಗೆ ಇದ್ದದ್ದು ಯಾವ ಕಾಲದಲ್ಲೋ, ಅವಳಿಗೇ ನೆನಪಿರಲಿಲ್ಲ.

ಹೆಂಚಕ್ಕ ಅನ್ನುವುದು ಅಡುಗೆಮನೆಯವರು ಇಟ್ಟ ಹೆಸರು. ಕಾದ ಕಬ್ಬಿಣದ ಹೆಂಚಿನ ಮುಂದೆ ನಿಂತು ದಪ್ಪ ಮಾಂಸದ ತುಂಡುಗಳನ್ನು ಸುಟ್ಟು ಸ್ಟೇಕ್ ಮಾಡುವುದು, ಅದೊಂದೇ ಅವಳ ಕೆಲಸ. ಅವಳ ಗಂಡ ಮಾಂಸದ ಕಾರ್ಖಾನೆಯ ಶೈತ್ಯಕೋಣೆಯಲ್ಲಿ ರಾತ್ರಿಯಿಡೀ ಮಾಂಸ ಕತ್ತರಿಸುವವನು. ಅವನನ್ನು ಊರೆಲ್ಲ ಐಸಣ್ಣ ಅನ್ನುತ್ತಿತ್ತು. "ಲೋಕಕ್ಕೆಲ್ಲ ಅಣ್ಣ ಆಗ್ಲಿ, ನನಗೊಬ್ಬಳಿಗೆ ಬಿಟ್ಟು" ಅಂತ ಅವಳು ನಗಿಸುತ್ತಿದ್ದಳು. ಅವನು ಬೆಳಿಗ್ಗೆ ಮನೆಗೆ ಬರುವಾಗ ಅವಳು ಹೊರಡುತ್ತಿದ್ದಳು. ಅವಳು ಮರಳುವ ಮೊದಲೇ ಅವನು ಹೊರಟಿರುತ್ತಿದ್ದ. ಅವನ ವಾರದ ರಜೆ ಒಂದು ದಿನ, ಅವಳದು ಇನ್ನೊಂದು ದಿನ. ಸಂಸಾರ ಅಂತ ಇದ್ದದ್ದು ಮೆಟ್ಟಿಲ ತಿರುವಿನಲ್ಲಿ. ಅವನು ಹತ್ತುವಾಗ, ಅವಳು ಇಳಿಯುವಾಗ, ಬೀಗದ ಕೈ ಒಂದು ಅಂಗೈಯಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಅವನ ಬೆರಳು ಯಾವಾಗಲೂ ತಣ್ಣಗೆ. ಅವಳ ಬೆರಳು ಯಾವಾಗಲೂ ಬಿಸಿ.

ಈಗ ಆ ತಿರುವೂ ತಪ್ಪಿಹೋಗುವುದರಲ್ಲಿತ್ತು. ಕಾರ್ಖಾನೆಯವರು ಒಂದು ಹಗಲು ಒಂದು ರಾತ್ರಿ ಪ್ರಯಾಣದಷ್ಟು ದೂರದ ಊರಿನಲ್ಲಿ ಹೊಸ ಶಾಖೆ ತೆರೆಯುತ್ತಿದ್ದರು. ಐಸಣ್ಣನೂ ಹೋಗುತ್ತಾನೆ ಅನ್ನುವ ಸುದ್ದಿ ಅವಳಿಗೆ ಸಿಕ್ಕಿದ್ದು ಗಂಡನ ಬಾಯಿಂದಲ್ಲ, ಕೆಳಗಿನ ಮನೆಯ ದರ್ಜಿ ಹೆಂಗಸಿನ ಬಾಯಿಂದ. "ನಿನಗೆ ಗೊತ್ತಿಲ್ವೇನೇ? ಅಯ್ಯೋ, ನಾನ್ಯಾಕೆ ಬಾಯಿ ಬಿಟ್ಟೆ!" ಅಂತ ಆಕೆ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದಳು. ಬಿಟ್ಟ ಬಾಯಿ ಅದರಿಂದ ಮುಚ್ಚಲಿಲ್ಲ. ಓಣಿಯೆಲ್ಲ ಗೊತ್ತಾಗಿ ಕೊನೆಗೆ ಹೆಂಡತಿಗೆ ಗೊತ್ತಾಯಿತು. ಹೆಂಚಕ್ಕ ಅವತ್ತಿನಿಂದ ಕಾಯುತ್ತಿದ್ದಳು, ಅವನಾಗಿ ಹೇಳಲಿ ಅಂತ. ಅವನು ಹೇಳಲಿಲ್ಲ. ಅವಳು ಕೇಳಲಿಲ್ಲ. ಇವತ್ತು ಕೇಳುವುದು. ಹೋಗಬೇಡ ಅನ್ನುವುದು.

ಅದಕ್ಕೆ ಅವಳಿಗೊಂದು ಊಟ ಬೇಕಿತ್ತು, ಮತ್ತು ಅದು ಸ್ಟೇಕೇ ಆಗಬೇಕಿತ್ತು.

ಹೆಂಚಿನ ಎದುರಿಗೆ, ತಟ್ಟೆ ಆಚೆ ದಾಟಿಸಲು ಒಂದು ಕಿಂಡಿ. ಆ ಕಿಂಡಿಯಿಂದ ಮೂಲೆಯ ಮೇಜು ಕಾಣುತ್ತಿತ್ತು. ಅಲ್ಲಿ ಕೂರುವ ಜೋಡಿಗಳನ್ನು ಅವಳು ವರ್ಷಗಟ್ಟಲೆ ನೋಡಿದ್ದಳು. ಬಂದು ಕೂತಾಗ ಇಬ್ಬರೂ ಫೋನು ಉಜ್ಜುತ್ತಿರುತ್ತಾರೆ. ಸ್ಟೇಕ್ ಬಂದ ತಕ್ಷಣ ಫೋನು ಕೆಳಗಿಡಲೇಬೇಕು. ಒಂದು ಕೈಗೆ ಚಾಕು, ಒಂದು ಕೈಗೆ ಫೋರ್ಕು. ತುತ್ತು ತುತ್ತಿಗೂ ಕತ್ತರಿಸಬೇಕು, ಅಗಿಯಬೇಕು, ಕಾಯಬೇಕು. ಆ ನಡುವೆ ಮಾಡಲು ಬೇರೇನೂ ಇಲ್ಲದೆ ಮಾತು ಹುಟ್ಟುತ್ತದೆ. ಹೆಂಚಿನ ಸದ್ದಿಗೆ ಆ ಮಾತು ಅವಳಿಗೆ ಕೇಳುತ್ತಿರಲಿಲ್ಲ. ತಲೆ ಹತ್ತಿರ ಬರುವುದು ಮಾತ್ರ ಕಾಣುತ್ತಿತ್ತು. ಎಷ್ಟು ಜೋಡಿಗಳ ತಲೆಯನ್ನು ಹೀಗೆ ಹತ್ತಿರ ತಂದಿದ್ದಳೋ! ಅವಳು ಮಾತ್ರ ಆ ತಟ್ಟೆಯ ಒಂದು ತುಣುಕನ್ನೂ ಬಾಯಿಗಿಟ್ಟವಳಲ್ಲ. ಗಿರಾಕಿ ಬಿಟ್ಟ ಅರ್ಧ ಸ್ಟೇಕನ್ನು ಬುಟ್ಟಿಗೆ ಹಾಕುವ ಮೊದಲು ಅದರ ಮೇಲೆ ಸಾಬೂನಿನ ನೀರು ಸುರಿಯಬೇಕೆಂದು ಮಾಲೀಕನ ಕಟ್ಟಪ್ಪಣೆ. ಬೇಯಿಸಿದವರು ತಿಂದುಬಿಟ್ಟರೆ? ಅನ್ನವನ್ನು ಹೊಲಸು ಮಾಡಿದರೂ ಸರಿ, ಹಸಿದವರ ಬಾಯಿಗೆ ಬೀಳಬಾರದು. ಇಂಥ ಬುದ್ಧಿ ಯಾವ ಪಾಠಶಾಲೆಯಲ್ಲಿ ಕಲಿಸುತ್ತಾರೋ!

ಮಾರ್ಕೆಟ್ಟಿನ ಕಸಾಯಿ ಅವಳನ್ನು ಕಂಡು ಹುಬ್ಬೇರಿಸಿದ.

"ಐಸಣ್ಣನ ಮನೆಯವರು ನನ್ನ ಅಂಗಡಿಗೆ! ಅವರ ಫ್ಯಾಕ್ಟರಿಯಲ್ಲಿ ಮಾಂಸ ಖಾಲಿಯಾಯ್ತಾ?"

"ಅಲ್ಲಿ ಗೇಟಲ್ಲಿ ಬುತ್ತಿ ಡಬ್ಬಿನೂ ಬಿಚ್ಚಿ ನೋಡ್ತಾರಣ್ಣ. ಹಲ್ಲಿನ ಸಂದಿ ಒಂದು ನೋಡೋದು ಬಾಕಿ. ಬೆನ್ನಿನ ಭಾಗದ್ದು ಎರಡು ತುಂಡು ಕೊಡು. ಎರಡು ಬೆರಳು ದಪ್ಪ ಇರ್ಲಿ. ಅಂಚಿನ ಕೊಬ್ಬು ತೆಗೀಬೇಡ."

"ಯಾರು ಬರ್ತಿದಾರೆ ಮನೆಗೆ?"

"ನನ್ನ ಗಂಡ" ಅಂದಳು. ಕಸಾಯಿ ನಕ್ಕ. ಅವಳು ತಮಾಷೆಗೆ ಹೇಳಿರಲಿಲ್ಲ.

ತರಕಾರಿಯವಳ ಹತ್ತಿರ ಅಣಬೆ ಆರಿಸಿದಳು. ಕೊಡೆ ಬಿಚ್ಚಿದ್ದನ್ನು ಬಿಟ್ಟು, ಗುಂಡಿಯ ಹಾಗೆ ಬಿಗಿದುಕೊಂಡದ್ದನ್ನು. ಬೆಣ್ಣೆ, ಒಂದು ಗಡ್ಡೆ ಬೆಳ್ಳುಳ್ಳಿ. ಮೆಟ್ಟಿಲು ಹತ್ತುವಾಗ ತಿರುವಿನಲ್ಲಿ ಕಾಲು ತಾನಾಗಿ ನಿಂತಿತು. ಎದುರಿಗೆ ಯಾರೂ ಇಳಿಯುತ್ತಿರಲಿಲ್ಲ.

ಐಸಣ್ಣ ಅಡುಗೆಮನೆಯಲ್ಲಿ ಬೋಗುಣಿಯ ಬಿಸಿನೀರಿಗೆ ಎರಡೂ ಕೈ ಅದ್ದಿ ಕೂತಿದ್ದ. ಅವಳನ್ನು ನೋಡಿ ಗಾಬರಿಯಾದ.

"ಏನೇ, ಹುಷಾರಿಲ್ವಾ? ಕೆಲಸದಿಂದ ತೆಗೆದ್ರಾ?"

"ಹೆಂಡ್ತಿ ಹಗಲಲ್ಲಿ ಮನೆಗೆ ಬಂದ್ರೆ ಇದೇ ಎರಡು ಕಾರಣನಾ? ಫ್ಯಾನು ಸುಟ್ಟೋಯ್ತು. ಕೈ ಒರೆಸ್ಕೊ. ಇವತ್ತು ನಿನಗೆ ದೊಡ್ಡೋರ ಊಟ."

ಪೊಟ್ಟಣ ಬಿಚ್ಚಿದ್ದೇ ತಡ, ಅವನ ಕೈ ಚಾಕುವಿನ ಕಡೆ ಹೋಯಿತು. ಅಂಚಿನ ಕೊಬ್ಬು ಕಂಡರೆ ಹೆರೆದು ಎಸೆಯುವುದು ಕಾರ್ಖಾನೆಯ ಕಾನೂನು. ಅವಳು ಮಣಿಕಟ್ಟಿಗೆ ಪಟ್ಟನೆ ಹೊಡೆದಳು. "ಮುಟ್ಟಿದ್ರೆ ನೋಡು! ರುಚಿ ಇರೋದೇ ಅಲ್ಲಿ."

"ದಿನಾ ಕ್ವಿಂಟಾಲುಗಟ್ಟಲೆ ಎಸೀತೀವಲ್ಲೇ ಇದನ್ನ."

"ಅದಕ್ಕೇ ಹೇಳೋದು, ನಿನಗೆ ಮಾಂಸ ಗೊತ್ತು, ಊಟ ಗೊತ್ತಿಲ್ಲ."

ಅವಳು ಮಾಂಸವನ್ನು ಬಟ್ಟೆಯಿಂದ ಒತ್ತಿ ಒತ್ತಿ ತೇವ ತೆಗೆದಳು. ಉಪ್ಪು, ಜಜ್ಜಿದ ಮೆಣಸು ತಿಕ್ಕಿದಳು. ಹೆಂಚು ತೆಳ್ಳಗೆ ಹೊಗೆಯಾಡುವವರೆಗೆ ಕಾಯಿಸಿದಳು. ಆಮೇಲೆ ಎಣ್ಣೆ, ಅದರ ಮೇಲೆ ಮಾಂಸ. ಚುರ್ರೆಂದು ಇಡೀ ಮನೆ ಆ ಸದ್ದಿನಿಂದ ತುಂಬಿತು. ತುಂಡು ತಾನಾಗಿ ಹೆಂಚು ಬಿಡುವವರೆಗೆ ಅಲುಗಾಡಿಸಲಿಲ್ಲ. ಮಗುಚಿದಾಗ ಮೇಲ್ಮೈ ಹಳೇ ಮರದ ಬಣ್ಣಕ್ಕೆ ತಿರುಗಿತ್ತು. ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಹಾಕಿ, ಹೆಂಚನ್ನು ಓರೆ ಮಾಡಿ, ನೊರೆಯೇಳುವ ಬೆಣ್ಣೆಯನ್ನು ಚಮಚದಿಂದ ಮೇಲೆ ಮೇಲೆ ಸುರಿದಳು. ಐಸಣ್ಣ ಬಾಗಿಲಿಗೆ ಒರಗಿ ನೋಡುತ್ತಿದ್ದ. ಹೆಂಡತಿ ಕೆಲಸ ಮಾಡುವುದನ್ನು ಅವನು ನೋಡಿದ್ದೇ ಇಲ್ಲ.

"ಬೆಂದಿದೆ ಅಂತ ಹೆಂಗೆ ಗೊತ್ತಾಗತ್ತೆ?"

"ಇಲ್ಲಿ ಬಾ. ಕೈ ಕೊಡು."

ಅವನ ಹೆಬ್ಬೆರಳನ್ನು ನಡುಬೆರಳಿಗೆ ಸೇರಿಸಿ, ಹೆಬ್ಬೆರಳ ಬುಡದ ಮಾಂಸವನ್ನು ಒತ್ತಿದಳು. "ಇದು ಎಷ್ಟು ಮೆತ್ತಗಿರತ್ತೋ, ಹದವಾಗಿ ಬೆಂದಿದ್ದೂ ಅಷ್ಟೇ ಮೆತ್ತಗಿರಬೇಕು." ಒತ್ತಿದ ಜಾಗ ಒಣಗಿದ ಚಕ್ಕಳದ ಹಾಗಿತ್ತು. "ಅಯ್ಯೋ ದೇವರೇ! ನಿನ್ನ ಕೈ ನಂಬಿದ್ರೆ ಇದನ್ನ ನಾಳೆವರೆಗೂ ಬೇಯಿಸ್ತಾ ಕೂರ್ಬೇಕು" ಅಂತ ನಕ್ಕಳು.

ಅವನು ಹೆಂಚಿನ ಕಡೆಯೇ ನೋಡುತ್ತ ಅಂದ: "ಒತ್ತು, ನೋಡೋಣ."

ಅವಳು ಒತ್ತಿಯಾಗಿತ್ತು. ಇನ್ನೂ ಒತ್ತಿಯೇ ಇದ್ದಳು, ಅವನ ಮರಗಟ್ಟಿದ ಕೈಗೆ ಅದು ತಿಳಿದಿರಲಿಲ್ಲ.

ಅವಳು ಕೈ ಬಿಟ್ಟಳು. ಮಾಂಸವನ್ನು ಹಲಗೆಯ ಮೇಲೆ ಸುಧಾರಿಸಿಕೊಳ್ಳಲು ಇಟ್ಟು, ಅದೇ ಹೆಂಚಿಗೆ ಅಣಬೆ ಹರಡಿದಳು, ಒಂದರ ಮೇಲೊಂದು ಬೀಳದಂತೆ. ಮೊದಲೇ ಉಪ್ಪು ಹಾಕಿದರೆ ಅಣಬೆ ನೀರು ಬಿಟ್ಟು ಅಳುತ್ತದೆ. ಅಂಚು ಕಂದಾದ ಮೇಲೆ ಉಪ್ಪು ಹಾಕಿ, ಒಂದು ಚಮಚ ನೀರು ಚಿಮುಕಿಸಿ, ತಳ ಹಿಡಿದದ್ದನ್ನೆಲ್ಲ ಕೆರೆದು ಸೇರಿಸಿದಳು. ಮಾಂಸದಿಂದ ಹಲಗೆಗೆ ಇಳಿದ ರಸವನ್ನೂ ಅದಕ್ಕೇ ಸುರಿದಳು. ಕಣ್ಣಿಗೆ ಹೊಗೆ ಹೊಡೆದಿತ್ತು. ಹೊಗೆಯೇ ಇರಬೇಕು.

ಎರಡು ತಟ್ಟೆಗೂ ಬಡಿಸಿ, ಅಂಚು ಒರೆಸಿ, ಒಂದನ್ನು ಮೇಜಿನ ಮೇಲಿಟ್ಟಳು. ಅವನು ಕೂತ. ಅವಳು ತನ್ನ ತಟ್ಟೆಯನ್ನು ಒಲೆಯ ಪಕ್ಕದಲ್ಲಿಟ್ಟು, ಹೆಂಚು ಬಿಸಿಯಿರುವಾಗಲೇ ತಿಕ್ಕಿಬಿಡೋಣ ಅಂತ ತಿರುಗಿದಳು. ತಿಕ್ಕಿ, ಒರೆಸಿ, ಒಲೆಕಟ್ಟೆ ಸಾರಿಸಿ ಇತ್ತ ತಿರುಗುವಷ್ಟರಲ್ಲಿ ಅವನ ತಟ್ಟೆಯಲ್ಲಿ ಬೆಣ್ಣೆಯ ಗೆರೆ ಮಾತ್ರ ಉಳಿದಿತ್ತು. ಕಾರ್ಖಾನೆಯ ಊಟದ ಗಂಟೆಗೆ ಪಳಗಿದ ಗಂಟಲು. ಎರಡನೇ ಗಂಟೆ ಹೊಡೆಯುವ ಮೊದಲು ನುಂಗಿ ಏಳದಿದ್ದರೆ ತಟ್ಟೆ ಕಿತ್ತುಕೊಳ್ಳುವ ಜಾಗದಲ್ಲಿ ಬೆಳೆದ ಹಸಿವು.

ಮೂಲೆಯ ಮೇಜಿನ ಜೋಡಿಗಳು ಅವಳ ಕಣ್ಣ ಮುಂದೆ ಬಂದು ಹೋದರು.

"ಚೆನ್ನಾಗಿತ್ತು ಕಣೇ" ಅಂದ ಐಸಣ್ಣ, ಬಾಯಿ ಒರೆಸಿಕೊಳ್ಳುತ್ತ. ಅವಳ ಮುಖ ನೋಡಿ, "ಏನಾಯ್ತು? ನಿಂದೆಲ್ಲಿ?" ಅಂದ.

"ಅಲ್ಲಿದೆ. ನಿಂತ್ಕೊಂಡೇ ತಿಂತೀನಿ, ಅಭ್ಯಾಸ."

ಅವನು ಎದ್ದ. ಮನೆಯ ಇನ್ನೊಂದು ಕುರ್ಚಿಯ ಮೇಲೆ ಒಗೆದ ಬಟ್ಟೆಯ ಗುಡ್ಡವಿತ್ತು. ಕೂರುವವರು ಯಾರೂ ಇಲ್ಲದೆ ಆ ಕುರ್ಚಿ ಬಟ್ಟೆಯದೇ ಆಗಿಹೋಗಿತ್ತು. ಗುಡ್ಡವನ್ನು ಎತ್ತಿ ಹಾಸಿಗೆಗೆ ಎಸೆದು, ಕುರ್ಚಿ ಎಳೆದು, ಅವಳ ತಟ್ಟೆ ತಂದು ಮುಂದಿಟ್ಟ. "ಕೂತ್ಕೋ" ಅಂದ.

ಅವಳು ಕೂತಳು. ಅವನು ಎದುರಿಗೆ. ತಲೆಗಳು ಹತ್ತಿರ ಬರಲಿಲ್ಲ. ಚಾಕು ಕೈಯಲ್ಲಿ ಹಿಡಿದು ಅವಳು ಕೇಳಿಯೇಬಿಟ್ಟಳು.

"ಹೋಗ್ತೀಯಂತೆ."

ಅವನು ಅವಳನ್ನೇ ದಿಟ್ಟಿಸಿದ. "ಈಗ ಕೇಳ್ತಿದೀಯಾ?"

"ಮತ್ತೆ? ದರ್ಜಿ ಹತ್ರ ಕೇಳಿ ತಿಳ್ಕೊಂಡ್ನಲ್ಲ, ಇನ್ನೇನು ಕೇಳ್ಲಿ? ನನಗೊಂದು ಮಾತು ಹೇಳೋಕೆ ನಿನ್ನ ಬಾಯಿಗೇನು ಬಂದಿತ್ತು?"

"ಹೇಳಿದ್ನಲ್ಲೇ! ಮೆಟ್ಟಿಲ ಮೇಲೆ ಹೇಳ್ದೆ. 'ಹೊಸ ಶಾಖೆಗೆ ಕರೀತಿದಾರೆ, ಏನಂತೀಯ, ಹೋಗ್ಲಾ?' ಅಂದೆ. ನೀನು ಹಿಂತಿರುಗಿ ಕೂಡ ನೋಡ್ಲಿಲ್ಲ. 'ಆಯ್ತು!' ಅಂತ ಕೂಗಿ ಓಡಿಹೋದೆ."

ಅವಳ ಚಾಕು ನಿಂತಿತು.

ಹೋಟೆಲಿನ ಅಡುಗೆಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ದೊಡ್ಡ ಬಾಣಸಿಗ ಏನು ಕೂಗಿದರೂ, ಕೂಗಿದ ಕ್ಷಣವೇ, ತಲೆ ಎತ್ತದೆ, "ಆಯ್ತು!" ಅನ್ನಬೇಕು. ಮೊದಲು ಬಾಯಿ, ಆಮೇಲೆ ಕಿವಿ. ಆ ಮಾತು ಅವಳಿಗೆ ಕೆಮ್ಮಿನ ಹಾಗೆ ತಾನೇ ಬರುತ್ತಿತ್ತು. ಅವತ್ತು ಬೆಳಿಗ್ಗೆ ಕೆಳಗೆ ಬಸ್ಸಿನ ಹಾರ್ನು, ಹಿಂದಿನಿಂದ ಗಂಡಸಿನ ದನಿ. ಬಾಯಿ ಹೇಳಿತ್ತು. ಕಿವಿಗೆ ಬಸ್ಸು ಮಾತ್ರ ಕೇಳಿತ್ತು.

"ನಾನು... ನಂಗೆ ಕೇಳ್ಸೇ ಇಲ್ಲ ಕಣೋ."

"ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ. ಇಷ್ಟು ಸಲೀಸಾಗಿ ಬಿಟ್ಕೊಟ್ಟಳಲ್ಲ ಅಂತ. ಜಗಳ ಆಡ್ತಾಳೆ, ಅಳ್ತಾಳೆ ಅಂದ್ಕೊಂಡಿದ್ದೆ. ಆ ರಾತ್ರಿನೇ ಹೋಗಿ ಹೂಂ ಅಂದ್ಬಿಟ್ಟೆ. ಸಿಟ್ಟಿಗೆ."

ಅವಳಿಗೆ ನಗು ಬಂತು. ಗಂಡಹೆಂಡಿರ ಬೆವರನ್ನು ಕೊಂಡ ಮಾಲೀಕರು, ನಿದ್ದೆಯನ್ನು ಕೊಂಡವರು, ಅವಳ ಬಾಯೊಳಗಿನ "ಆಯ್ತು" ಅನ್ನುವ ಆ ಒಂದು ಮಾತನ್ನೂ ಕೊಂಡುಕೊಂಡು ಹೋಗಿದ್ದರು. ಅದನ್ನು ಅವಳಿಗೆ ತಿಳಿಯದ ಹಾಗೆ ಅವಳ ಗಂಡನಿಗೇ ಮಾರಿದ್ದರು.

"ಬೇಡ" ಅಂದಳು. "ಹೋಗ್ಬೇಡ. ನಂಗೆ ನೀನು ಬೇಕು. ಆ ಮೆಟ್ಟಿಲ ಮೇಲಾದ್ರೂ ಬೇಕು. ಕೇಳಿಸ್ತಾ?"

"ಕೇಳಿಸ್ತು." ಅವನ ದನಿ ಸಣ್ಣದಾಯಿತು. "ಈಗ ಹಿಂದೆ ಸರಿದವರನ್ನ ಗೇಟಿನ ಆಚೆ ನಿಲ್ಲಿಸ್ತಾರೆ. ಅದು ಹಾಳಾಗ್ಲಿ ಅಂದ್ರೂ... ಅಲ್ಲಿ ನನ್ನ ಕೆಲಸ ಹೊರಗಡೆ. ಲಾರಿ ತುಂಬಿಸೋದು. ಬಿಸಿಲಲ್ಲಿ."

ಅವಳು ಮೇಜಿನ ಮೇಲಿದ್ದ ಅವನ ಕೈ ನೋಡಿದಳು. ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಅದನ್ನು ನೋಡುತ್ತ "ಇಲ್ಲೇ ಇರು" ಅನ್ನಲು ಆಗಲಿಲ್ಲ.

"ನಾನೂ ಬರ್ತೀನಿ."

"ಕಂಪನಿ ಕೋಣೆ. ಒಂದಕ್ಕೆ ಆರು ಜನ ಗಂಡಸರು. ಮನೆ ಸಿಗೋಕೆ ಮಳೆಗಾಲ ಕಳೀಬೇಕಂತೆ. ಸಿಕ್ಕ ದಿನವೇ ಕರೀತೀನಿ."

"ಕರೀದಿದ್ರೆ ನಾನೇ ಬಂದು ಆರೂ ಜನರನ್ನ ಓಡಿಸ್ತೀನಿ."

"ಓಡಿಸ್ತೀಯ ನೀನು" ಅಂದ, ನಕ್ಕು. "ಬರೋ ವಾರ ಹೊರಡಬೇಕು."

ಕಿಟಕಿಯಿಂದ ಸಂಜೆಯ ಬೆಳಕು ಮೇಜಿನ ಮೇಲೆ ಬಿದ್ದಿತ್ತು. ಕೆಳಗೆ ದರ್ಜಿಯ ಮೆಶಿನ್ನು ತಟತಟ ಓಡಿ ನಿಲ್ಲುತ್ತಿತ್ತು. ಅವನು ಹೊಸ ಊರಿನ ಬಗ್ಗೆ ತಾನು ಕೇಳಿದ್ದನ್ನೆಲ್ಲ ಹೇಳತೊಡಗಿದ: ಊರ ಮಗ್ಗುಲಿಗೇ ರೈಲು ಹಳಿ, ಕೋಣೆಗೆ ಒಂದೇ ಕಿಟಕಿ, ನೀರಿಗೆ ಉಪ್ಪಿನ ರುಚಿ. ಅವಳು ಮೊದಲ ತುಂಡು ಕತ್ತರಿಸಿ ಬಾಯಿಗಿಟ್ಟಳು. ಅಂಚಿನ ಕೊಬ್ಬು ನಾಲಿಗೆಯ ಮೇಲೆ ಕರಗಿತು. ಇಷ್ಟು ಚೆನ್ನಾಗಿ ಮಾಡುತ್ತೇನೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಒಂದು ತುಂಡು ಅವನ ಬಾಯಿಗೂ ಹಿಡಿದಳು. "ನುಂಗ್ಬೇಡ, ಅಗಿ" ಅಂದಳು. ಅವನು ವಿಧೇಯನಾಗಿ ಅಗಿದ.

ಎರಡನೇ ತುಂಡನ್ನು ಅರ್ಧ ಮಾಡಿದಳು, ಅರ್ಧವನ್ನು ಮತ್ತೆ ಅರ್ಧ. ತಟ್ಟೆಯ ಅಂಚಿನಲ್ಲಿ ಬೆಣ್ಣೆ ಬೆಳ್ಳಗೆ ಹೆಪ್ಪುಗಟ್ಟತೊಡಗಿತ್ತು, ಅಣಬೆ ತಣ್ಣಗಾಗಿತ್ತು. ಅವಳು ಅವನ ಮಾತಿಗೆ ಹೂಂಗುಟ್ಟುತ್ತ, ಮಾಂಸವನ್ನು ಇನ್ನೂ ಸಣ್ಣಗೆ, ಇನ್ನೂ ಸಣ್ಣಗೆ ಕತ್ತರಿಸುತ್ತ ಹೋದಳು.