ಬಾಣಗಳಿಲ್ಲದ ಊರು

ಮೊದಲೇ ಹೇಳಿಬಿಡುತ್ತೇನೆ, ನಾನು ಮಾಡಿದ್ದು ತಪ್ಪೇ. ಒಡಹುಟ್ಟಿದ ತಮ್ಮನ ಎರಡು ವರ್ಷದ ದುಡಿಮೆ ಹತ್ತು ಜನರ ಮುಂದೆ ಮಣ್ಣುಪಾಲಾಗಲಿ ಎಂದು ಒಂದು ಶುಕ್ರವಾರ ಮಧ್ಯಾಹ್ನ ಮೂರು ತಾಸು ಬೆವರು ಸುರಿಸಿದ್ದೇನೆ. ಅದೂ ಅವನು ದವಡೆ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಾಗ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುವುದು ಸುಳ್ಳಲ್ಲ. ಆದರೆ ಆ ದಿನ ಇದ್ದದ್ದು ಬರೀ ಕೋಪವಲ್ಲ, ಹೆದರಿಕೆ. ನನ್ನ ಹನ್ನೆರಡು ಟ್ರ್ಯಾಕುಗಳು ಕಸದ ಬುಟ್ಟಿ ಸೇರುವುದರಲ್ಲಿದ್ದವು.

ನಾವು ಮಾಡುವುದು ಕಾರ್ ರೇಸಿನ ವಿಡಿಯೋ ಗೇಮ್. ಟಯರು ಸವೆತ, ಪೆಟ್ರೋಲು, ಬ್ರೇಕು ಎಂದು ನಿಜವಾದ ಕಾರಿನ ಹಾಗೆ ಲೆಕ್ಕ ಹಾಕುವ ಗೇಮ್ ಅಲ್ಲ. ಗುಂಡಿ ಒತ್ತಿದರೆ ಕಾರು ಜುಯ್ಯೆಂದು ಹಾರಬೇಕು, ಗೋಡೆಗೆ ಗುದ್ದಿದರೂ ಮೈ ಕೊಡವಿಕೊಂಡು ಮುಂದೆ ಓಡಬೇಕು, ಅಂಥದ್ದು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾವು ಮೂವರು: ನಾನು, ತಮ್ಮ, ಮತ್ತು ಸದ್ದುಗಳನ್ನು ಮಾಡುವ ನಮ್ಮ ಸೋದರಮಾವ. ಮಾಮ ಸ್ಟೂಲಿನ ಕಾಲನ್ನು ನೆಲಕ್ಕೆ ಉಜ್ಜಿ ಟಯರು ಕಿರುಚಿದ ಸದ್ದು ಹುಟ್ಟಿಸುತ್ತಾರೆ. ಕೆಳಗಿನ ಅಂಗಡಿಯವರು ಒಂದು ಸಲ ಮೆಟ್ಟಿಲು ಹತ್ತಿ ಬಂದು, "ಏನ್ರೀ, ಮೇಲೆ ಯಾರಿಗೆ ಏನಾಯ್ತು?" ಎಂದು ಗಾಬರಿಯಿಂದ ವಿಚಾರಿಸಿಕೊಂಡು ಹೋಗಿದ್ದರು.

ಟ್ರ್ಯಾಕು ಮಾಡುವವಳು ನಾನು. ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೊದಲು ಅದರ ಮೇಲೆ ನಡೆದು ನೋಡುತ್ತೇನೆ. ಒಂದು ತಿರುವು ದಾಟಿದ ಕಾರು ಮುಂದಿನದಕ್ಕೆ ಯಾವ ಮಗ್ಗುಲಲ್ಲಿ ಇರಬೇಕು, ತಿರುವು ಬರುವ ಎರಡು ಸೆಕೆಂಡು ಮುಂಚೆ ಕಣ್ಣಿಗೆ ಏನು ಬೀಳಬೇಕು, ಇದೇ ನನ್ನ ಕೆಲಸ. ಒಂದು ಮರವೋ, ಬಣ್ಣದ ಗೋಡೆಯೋ ಸಾಕು. ಮೂರನೇ ಸುತ್ತಿಗೆ ಆಡುವವರ ಕೈಗೇ ದಾರಿ ಬಂದುಬಿಡುತ್ತದೆ. ಏಳನೇ ಟ್ರ್ಯಾಕಿನ ಒಂದೇ ಒಂದು ತಿರುವಿಗೆ ಐದು ವಾರ ಹಿಡಿದಿತ್ತು. ಈ ಕೋಣೆಗಳನ್ನು ಬಾಡಿಗೆಗೆ ಹುಡುಕುವುದಕ್ಕೂ ನಾವು ಅಷ್ಟು ದಿನ ತೆಗೆದುಕೊಂಡಿರಲಿಲ್ಲ.

ತಮ್ಮ ಕಟ್ಟುತ್ತಿದ್ದದ್ದು ಊರು. ಬೇಲಿಯಿಲ್ಲದ, ಆದಿ ಅಂತ್ಯವಿಲ್ಲದ ಊರು. ಕಾರು ಹತ್ತಿ ಎಲ್ಲಿಗೆ ಬೇಕಾದರೂ ಹೋಗಬಹುದು. ಮನಸ್ಸಾದರೆ ಯಾವುದೋ ಬೀದಿಯ ಮೂಲೆಯಲ್ಲಿ ನಿಂತು ರೇಸು ಶುರು ಮಾಡಬಹುದು, ಇಲ್ಲವಾದರೆ ಸುಮ್ಮನೆ ಅಲೆಯಬಹುದು. ಎಲ್ಲಿಗೆ ಬೇಕಾದರೂ ಹೋಗಬಹುದಾದ ಕಡೆ ರೇಸಿನ ದಾರಿ ಯಾವುದೆಂದು ತಿಳಿಯುವುದು ಹೇಗೆ? ಅದಕ್ಕಾಗಿ ಪ್ರತಿ ಅಡ್ಡರಸ್ತೆಯಲ್ಲೂ ಗಾಳಿಯಲ್ಲಿ ತೇಲುವ ಹಳದಿ ಬಾಣಗಳನ್ನು ಇಟ್ಟಿದ್ದ. ಅವನ ಬೆನ್ನ ಹಿಂದೆ ನಿಂತು ಒಂದು ಸಲ ನೋಡಿದ್ದೇ ತಡ, ನನ್ನ ಮೈ ಉರಿದುಹೋಯಿತು.

"ಇದೇನೋ ಇದು, ರೇಸಾ ಮೆರವಣಿಗೆನಾ? ಬಾಣ ಎಲ್ಲಿ ತೋರಿಸತ್ತೋ ಅಲ್ಲಿಗೆ ಕುರಿ ಹಾಗೆ ಹೋಗೋದು. ರಸ್ತೆ ಯಾರು ನೋಡ್ತಾರೆ?"

"ನಿನ್ನ ಟ್ರ್ಯಾಕಲ್ಲಿ ಏನು ಮಹಾ ಇದೆ ಅಕ್ಕ? ಸುತ್ತಿದ್ದೇ ಸುತ್ತೋದು, ಗಾಣದೆತ್ತಿನ ಹಾಗೆ."

"ಸುತ್ತಿದ್ರೇನೇ ಕಲಿಯೋದು."

"ಕಲಿಯೋಕೆ ಇಷ್ಟ ಇಲ್ದೇ ಇರೋರು? ದಿನವಿಡೀ ಆಫೀಸಲ್ಲಿ ಬೈಸಿಕೊಂಡು ಬಂದೋರು? ಅವರಿಗೆ ಸುಮ್ನೆ ಒಂದು ರೌಂಡ್ ಹೋಗಿ ಬರಬೇಕು ಅನ್ಸಿದ್ರೆ?"

"ಬಸ್ ಹತ್ಲಿ," ಅಂದೆ.

ಮಾಮನನ್ನು ಪಂಚಾಯಿತಿಗೆ ಕರೆದರೆ ಅವರು ಹೆಡ್‌ಫೋನ್ ಕೂಡ ತೆಗೆಯಲಿಲ್ಲ. "ನಂದು ಎರಡರಲ್ಲೂ ಕಿರುಚೋ ಕೆಲಸಾನೇ. ನೀವು ನೀವೇ ನೋಡ್ಕೊಳ್ಳಿ," ಅಂದರು.

ಅಂದಿನಿಂದ ಅವನ ಊರಿಗೆ ನಾನು ಕಾಲಿಡಲಿಲ್ಲ. "ಅಕ್ಕ, ಹೊಸ ಬೀದಿ ಮುಗೀತು, ಬಾ ನೋಡು," ಎಂದು ಅವನು ಕರೆದಾಗಲೆಲ್ಲ "ಆಮೇಲೆ ನೋಡ್ತೀನಿ" ಅನ್ನುತ್ತಿದ್ದೆ. ಎರಡು ವರ್ಷ ಹಾಗೇ ಅಂದಿದ್ದೇನೆ. ಕೊನೆಕೊನೆಗೆ ಅವನು ಕರೆಯುವುದನ್ನು ಬಿಟ್ಟ.

ಗೇಮನ್ನು ಮಾರುಕಟ್ಟೆಗೆ ಬಿಡಲು ಒಪ್ಪಿದ್ದ ಕಂಪನಿಯ ಮೇಡಂ ಒಂದು ದಿನ ಬಂದು, ಎರಡನ್ನೂ ಆಡಿ ನೋಡಿ, ಕಡ್ಡಿ ಮುರಿದ ಹಾಗೆ ಹೇಳಿದರು. "ಎರಡನ್ನೂ ಮುಗಿಸೋಷ್ಟು ಟೈಮಿಲ್ಲ. ಟ್ರ್ಯಾಕೋ ಊರೋ, ಒಂದೇ ಉಳಿಯೋದು. ಶನಿವಾರ ಹತ್ತು ಜನರನ್ನ ಕರೆಸಿ. ಐದು ಜನ ಅಲ್ಲಿ, ಐದು ಜನ ಇಲ್ಲಿ ಆಡ್ಲಿ. ಚಹಾಕ್ಕೆ ಕರೆದಾಗ ಯಾರು ಕುರ್ಚಿ ಬಿಟ್ಟು ಏಳಲ್ವೋ ನೋಡ್ತೀನಿ. ನಂಗೆ ಅಷ್ಟು ಸಾಕು."

ಆ ಶನಿವಾರದ ಹಿಂದಿನ ದಿನವೇ ತಮ್ಮನ ಹಲ್ಲು ಕೈಕೊಟ್ಟದ್ದು. ಕೆನ್ನೆ ಹಿಡಿದುಕೊಂಡು ಅವನು ಮೆಟ್ಟಿಲಿಳಿದ ಕೂಡಲೇ ನಾನು ಅವನ ಕುರ್ಚಿಯಲ್ಲಿ ಕೂತೆ. ಬಾಣಗಳನ್ನೆಲ್ಲ ಕಿತ್ತುಬಿಟ್ಟರೆ ನಾಳೆ ಬಂದವರು ದಾರಿ ತಪ್ಪಿ, ಬೈದುಕೊಂಡು, ಚಹಾಕ್ಕೆ ಕರೆಯುವ ಮೊದಲೇ ಎದ್ದು ಹೋಗುತ್ತಾರೆ. ಎಷ್ಟು ಸುಲಭ ಅಂದುಕೊಂಡೆ. ನೂರಾ ಎಂಬತ್ತು ಬಾಣಗಳಿದ್ದವು. ಪ್ರತಿಯೊಂದರ ಹತ್ತಿರವೂ ಕಾರು ಓಡಿಸಿಕೊಂಡು ಹೋಗಿ, ಮುಂದೇನು ಬರುತ್ತದೆ ನೋಡಿ, ಕೀಳಬೇಕು.

ಮೊದಲ ಹತ್ತನ್ನು ಕಿತ್ತು ಖುಷಿಪಟ್ಟೆ. ಹನ್ನೊಂದನೆಯದರಲ್ಲಿ ಎಡವಟ್ಟಾಯಿತು. ರಸ್ತೆ ಒಂದು ದಿಬ್ಬ ಹತ್ತಿ, ಇಳಿಯುವಲ್ಲೇ ಎಡಕ್ಕೆ ತಿರುಗುತ್ತಿತ್ತು. ಎದುರಿಗೆ ಯಾವುದೋ ಉಗ್ರಾಣದ ಬೂದು ಗೋಡೆ. ಬಾಣ ಇಲ್ಲದಿದ್ದರೆ ಯಾರೇ ಬಂದರೂ ನೆಟ್ಟಗೆ ಅದಕ್ಕೇ ಗುದ್ದುವುದು. ಗುದ್ದಲಿ ಬಿಡು, ನನಗೂ ಅದೇ ಬೇಕಾಗಿದೆ ಎಂದು ಮುಂದೆ ಹೋದೆ. ಎರಡು ಬೀದಿ ದಾಟಿದ ಮೇಲೆ ಮನಸ್ಸು ತಡೆಯಲಿಲ್ಲ. ವಾಪಸು ಬಂದು ಆ ಗೋಡೆಗೆ ಕೆಂಪು ಬಣ್ಣ ಬಳಿದು, ದಿಬ್ಬದ ಈಚೆಯಿಂದಲೇ ತುದಿ ಕಾಣುವ ಹಾಗೆ ಒಂದಿಷ್ಟು ಎತ್ತರಿಸಿದೆ. ಮುಂದೆ ಇನ್ನೊಂದು ಕಡೆ ಒಂದು ಮರ ನೆಟ್ಟೆ. ಮತ್ತೊಂದು ಕಡೆ ಸಾಲಾಗಿ ಮೂರು ಬೀದಿದೀಪ. ತಮ್ಮನಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ಆಗ ನನಗೆ ಹೊಳೆಯಲೇ ಇಲ್ಲ. ಅಡುಗೆ ಬಲ್ಲವರು ಬೇರೆಯವರ ಮನೆಗೆ ಹೋದರೂ ಉಕ್ಕುವ ಹಾಲಿನ ಕೆಳಗೆ ಉರಿ ಸಣ್ಣ ಮಾಡುತ್ತಾರಲ್ಲ, ಹಾಗೆ ಕೈ ತಾನಾಗಿಯೇ ಹೋಗುತ್ತಿತ್ತು.

ತಮ್ಮ ವಾಪಸು ಬಂದಾಗ ಕೆನ್ನೆ ಬನ್ನಿನ ಹಾಗೆ ಊದಿತ್ತು, ಬಾಯಿ ತುಂಬ ಹತ್ತಿ. "ನೋವಿದೆಯಾ?" ಅಂದೆ. "ಹೂಂ" ಅಂದ. "ನಾಳೆಗೆ ಎಲ್ಲಾ ಸರಿ ಇದೆಯಾ?" ಅಂದೆ, ನಾಚಿಕೆಗೆಟ್ಟವಳು. "ಹೂಂ" ಅಂದು ತನ್ನ ಕಂಪ್ಯೂಟರಿನ ಮುಂದೆ ಸ್ವಲ್ಪ ಹೊತ್ತು ಕೂತು ಮನೆಗೆ ಹೋದ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಜನ ಬಂದರು. ನನ್ನ ಕೋಣೆಯಲ್ಲಿ ಒಬ್ಬ ಪಶುವೈದ್ಯರೂ ಉಳಿದ ನಾಲ್ವರೂ ಚೆನ್ನಾಗಿಯೇ ಶುರು ಮಾಡಿದರು. ನನ್ನ ಟ್ರ್ಯಾಕುಗಳ ಬಗ್ಗೆ ನನಗೇನೂ ಚಿಂತೆಯಿರಲಿಲ್ಲ, ಕಿವಿಯೆಲ್ಲ ಪಕ್ಕದ ಕೋಣೆಯಲ್ಲಿತ್ತು. ಅಲ್ಲಿಂದ ಗೋಡೆಗೆ ಗುದ್ದಿದ ಸದ್ದು, ಮಾಮನ ಸ್ಟೂಲಿನ ಕಿರುಚಾಟ, "ಅಯ್ಯೋ, ಇದೆಲ್ಲಿಗೆ ಬಂದೆ ನಾನು" ಎಂಬ ಗೊಣಗಾಟ. ಒಳಗೊಳಗೇ ಹಿಗ್ಗಿದೆ.

ಅರ್ಧ ಗಂಟೆ ಕಳೆದು ಬಾಗಿಲಲ್ಲಿ ಇಣುಕಿದರೆ, ಆ ಕೋಣೆಯಲ್ಲಿ ಜಗಳ ನಡೆದಿತ್ತು. ಎದುರು ಬೀದಿಯ ಟೈಲರ್ ಹೆಂಗಸು ಪಕ್ಕದವರಿಗೆ ದಾರಿ ಹೇಳಿಕೊಡುತ್ತಿದ್ದರು. "ಆ ಕಡೆ ಅಲ್ಲ ಕಣ್ರೀ, ಕೆಂಪು ಗೋಡೆ ತುದಿ ಕಂಡ ಕೂಡ್ಲೇ ಎಡಕ್ಕೆ. ಆಮೇಲೆ ಒಂಟಿ ಮರ ಸಿಗತ್ತೆ, ಅಲ್ಲಿ ಬಲಕ್ಕೆ." ಪಕ್ಕದವರು ಒಪ್ಪಲಿಲ್ಲ. "ಮರದ ತನಕ ಯಾಕೆ ಹೋಗ್ಬೇಕು, ಮೂರು ದೀಪದ ಹತ್ರಾನೇ ಸಂದಿ ಇದೆಯಲ್ಲ, ನೋಡಿ." ಊರಿಗೆ ಹೊಸದಾಗಿ ಬಾಡಿಗೆಗೆ ಬಂದವರು ಒಂದೇ ವಾರದಲ್ಲಿ ಎಲ್ಲ ಅಡ್ಡದಾರಿ ಹಿಡಿಯುವ ಹಾಗೆ ಅವರು ತಮ್ಮನ ಊರನ್ನು ಹಿಡಿದಿದ್ದರು.

ಮೂಲೆಯ ಕುರ್ಚಿಯಲ್ಲಿ ಒಬ್ಬ ಬಸ್ ಡ್ರೈವರ್ ಕೂತಿದ್ದರು, ರಜೆ ಹಾಕಿ ಬಂದವರು. ಮೊದಲ ರೇಸಿನಲ್ಲಿ ಅವರು ಪ್ರತಿ ಸಿಗ್ನಲ್ಲಿನಲ್ಲೂ ನಿಂತು, ಎಲ್ಲರೂ ಮುಗಿಸಿ ಒಂಬತ್ತು ನಿಮಿಷವಾದ ಮೇಲೆ ಗುರಿ ಮುಟ್ಟಿದ್ದರಂತೆ. ನಾನು ನೋಡಿದ್ದು ಅವರ ನಾಲ್ಕನೆಯ ರೇಸು. ಕೆಂಪು ಗೋಡೆಯಲ್ಲಿ ಬ್ರೇಕು ಮುಟ್ಟದೆ ತಿರುಗಿಸಿ, ಮರದ ಹತ್ತಿರ ಇಬ್ಬರನ್ನು ಹಿಂದೆ ಹಾಕಿ, ಗೆದ್ದೇಬಿಟ್ಟರು. ನಡುವೆ ಒಂದೇ ಒಂದು ಕಡೆ ಕಾರು ನಿಲ್ಲಿಸಿ ಹಾರನ್ ಮಾಡಿ ಹೊರಟರು.

"ಅಲ್ಯಾಕೆ ನಿಲ್ಲಿಸಿದ್ರಿ?" ಎಂದು ಕೇಳಿದೆ.

"ಸ್ಕೂಲಿದೆ ತಾಯಿ ಅಲ್ಲಿ," ಅಂದರು.

"ಬಾಣ ಇಲ್ದೇ ಕಷ್ಟ ಆಗ್ಲಿಲ್ವಾ?"

"ಮೂವತ್ತು ವರ್ಷ ಬಸ್ ಓಡಿಸಿದೀನಿ, ಯಾವ ಬಾಣಾನೂ ಕಂಡಿಲ್ಲ. ರೂಟು ತಲೇಲಿ ಕೂತ್ಕೊಂಡ್ರೆ ಊರೇ ನಮ್ದು ಅನ್ಸತ್ತೆ."

ಅವರು ಹೇಳಿದ್ದು ನಾನು ಟ್ರ್ಯಾಕಿನ ಬಗ್ಗೆ ಹೇಳುವ ಮಾತೇ. ನನ್ನದೇ ಮಾತು ಎದುರು ಪಾರ್ಟಿಯವರ ಬಾಯಲ್ಲಿ ಕೇಳಿ ನನ್ನ ಕೋಣೆಗೆ ವಾಪಸು ನಡೆದೆ.

ಹನ್ನೊಂದೂವರೆಗೆ ಮೇಡಂ ಚಹಾಕ್ಕೆ ಕರೆದರು. ನನ್ನ ಕೋಣೆಯಿಂದ ನಾಲ್ಕು ಜನ "ಚೆನ್ನಾಗಿದೆ, ಮಜಾ ಬಂತು" ಎನ್ನುತ್ತ ಎದ್ದು ಬಂದರು. ಪಶುವೈದ್ಯರು ಮಾತ್ರ ಏಳನೇ ಟ್ರ್ಯಾಕನ್ನು ಹದಿನೆಂಟನೇ ಸಲ ಸುತ್ತುತ್ತಿದ್ದರು, ಕರೆದದ್ದು ಕೇಳಿಸಲೇ ಇಲ್ಲ. ಆ ಮನುಷ್ಯನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕೆನಿಸಿತು. ಆದರೆ ತಮ್ಮನ ಕೋಣೆಯಿಂದ ಒಬ್ಬರೂ ಏಳಲಿಲ್ಲ. ಚಹಾ ಅಲ್ಲಿಗೇ ಹೋಯಿತು, ಅಲ್ಲೇ ಆರಿತು.

ಜನ ಹೋದ ಮೇಲೆ ಮೇಡಂ ನಮ್ಮ ಮೂವರನ್ನು ಎದುರಿಗೆ ಕೂರಿಸಿಕೊಂಡರು. "ಹೋದ ಸಲ ನಾನು ಆಡಿದಾಗ ಬಾಣ ಇತ್ತಲ್ಲ. ತೆಗೆಯೋ ಐಡಿಯಾ ಯಾರದು? ಊರಿಗೆ ಜೀವ ಬಂದಿದೆ."

ಬಾಯಿ ಮುಚ್ಚಿಕೊಂಡು ಹೊಗಳಿಕೆ ಜೇಬಿಗಿಳಿಸಬಹುದಿತ್ತು. ಆಗಲಿಲ್ಲ. "ನಾನು ತೆಗೆದಿದ್ದು," ಅಂದೆ. "ಐಡಿಯಾ ಗೀಡಿಯಾ ಏನಲ್ಲ ಮೇಡಂ. ಜನ ದಾರಿ ತಪ್ಪಿ ಎದ್ದು ಹೋಗ್ಲಿ, ನನ್ನ ಟ್ರ್ಯಾಕು ಉಳೀಲಿ ಅಂತ. ಇವನಿಲ್ಲದ ಹೊತ್ತಲ್ಲಿ."

ಮಾಮ ಮೊದಲ ಬಾರಿಗೆ ಹೆಡ್‌ಫೋನ್ ತೆಗೆದರು. ತಮ್ಮ ಊದಿದ ಕೆನ್ನೆ ಸವರಿಕೊಳ್ಳುತ್ತ, "ನಂಗೊತ್ತಿತ್ತು," ಅಂದ.

"ಏನು ಗೊತ್ತಿತ್ತು?"

"ಯಾವಾಗ ಏನು ಬದಲಾಯಿಸಿದ್ರು ಅಂತ ಕಂಪ್ಯೂಟರ್ ಬರೆದಿಡತ್ತಲ್ಲ ಅಕ್ಕ. ನಿನ್ನೆ ಸಂಜೆ ಬಂದ ಕೂಡ್ಲೇ ನೋಡ್ದೆ."

"ಮತ್ತೆ ಬಾಣ ವಾಪಸ್ ಯಾಕೆ ಹಾಕ್ಲಿಲ್ಲ?"

"ಹಾಕೋಕೇ ಕೂತಿದ್ದೆ. ಹಲ್ಲುನೋವಿಗಿಂತ ಜಾಸ್ತಿ ಸಿಟ್ಟು ಬಂದಿತ್ತು. ಆಮೇಲೆ ಪಟ್ಟೀಲಿ ಕೆಳಗೆ ನೋಡಿದ್ರೆ ಗೋಡೆಗೆ ಬಣ್ಣ, ಮರ, ದೀಪ. ನಲವತ್ತೊಂದು ಕಡೆ. ಬಾಣ ಕಿತ್ತಿದ್ದು ನನ್ನ ಹಾಳು ಮಾಡೋಕೆ, ಒಪ್ಪಿದೆ. ಗೋಡೆಗೆ ಬಣ್ಣ ಬಳಿದಿದ್ದು ಯಾಕೆ?"

"ಬಂದೋರು ಗುದ್ದಿಕೊಳ್ತಾರಲ್ಲೋ," ಅಂದೆ.

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ನಗಲು ಹೋಗಿ, ದವಡೆ ಹಿಡಿದುಕೊಂಡು ನರಳಿದ. ನಗು ನಿಂತ ಮೇಲೆ ಮೇಡಂ ತೀರ್ಪು ಹೇಳಿದರು. ಉಳಿಯುವುದು ಊರು, ಬಾಣಗಳಿಲ್ಲದೆ. ರೇಸಿನ ದಾರಿಗಳನ್ನೆಲ್ಲ ಹಾಕಬೇಕಾದವಳು ನಾನು. ಹನ್ನೆರಡು ಟ್ರ್ಯಾಕುಗಳು ಬರುವುದಿಲ್ಲ. "ಬೇಜಾರು ಮಾಡ್ಕೋಬೇಡಿ," ಅಂದರು.

"ಬೇಜಾರು ಆಗೇ ಆಗತ್ತೆ ಮೇಡಂ," ಅಂದೆ. ಆಯಿತು ಕೂಡ. ಅವರು ಮೆಟ್ಟಿಲಿಳಿದ ಮೇಲೆ ಕಣ್ಣು ತುಂಬಿ ಬಂತು, ಸೆರಗಿನಲ್ಲೋ ತೋಳಿನಲ್ಲೋ ಒರೆಸಿಕೊಂಡೆ, ನೆನಪಿಲ್ಲ. ಮಾಮ ಒಂದು ಲೋಟ ನೀರು ತಂದಿಟ್ಟರು.

ತಮ್ಮ ನನ್ನ ಪಕ್ಕ ಕುರ್ಚಿ ಎಳೆದುಕೊಂಡ. "ಅಕ್ಕ, ಏಳನೇದನ್ನಾದ್ರೂ ಹಾಗೇ ತಂದು ಊರಾಚೆ ಮೈದಾನದಲ್ಲಿ ಇಡೋಣ. ಮೇಡಂಗೆ ನಾನು ಹೇಳ್ತೀನಿ."

ಒಂದು ಕ್ಷಣ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮೈದಾನದಲ್ಲಿ ಒಂಟಿಯಾಗಿ ಬಿದ್ದ ನನ್ನ ಟ್ರ್ಯಾಕನ್ನು ನೆನೆಸಿಕೊಂಡರೆ ಮನಸ್ಸಿಗೆ ಒಗ್ಗಲಿಲ್ಲ. "ಬೇಡ ಕಣೋ. ಅದು ಬೇರೆ ಆಟದ್ದು. ಈ ಊರಿನ ರೇಸು ಈ ಊರಿನ ಬೀದೀಲೇ ಹುಟ್ಟಬೇಕು. ನಾನು ಬರೀ ಮೂಲೆಗಳನ್ನ ನೋಡಿದೀನಿ, ಬೀದಿ ನೋಡೇ ಇಲ್ಲ. ಕರ್ಕೊಂಡು ಹೋಗು, ತೋರಿಸು."

ಅವನು ತನ್ನ ಕಂಪ್ಯೂಟರಿನ ಮುಂದೆ ನನಗೂ ಒಂದು ಕುರ್ಚಿ ಹಾಕಿದ. ಆಮೇಲೆ ಅವಸರವಸರವಾಗಿ ಕಾರು ಹೊರಡಿಸಿದ. ಮನೆಗೆ ನೆಂಟರು ಬಂದ ಸಂಭ್ರಮದಲ್ಲಿ ಅವನಿಗೆ ಎಲ್ಲವನ್ನೂ ಒಟ್ಟಿಗೇ ತೋರಿಸಬೇಕಿತ್ತು; ಬೀದಿಗಳು ಸರಸರ ಹಿಂದೆ ಸರಿದವು.

"ನಿಧಾನ ಹೋಗೋ, ನೋಡ್ಬೇಕು," ಅಂದೆ. ಹದಿನೈದು ವರ್ಷದಿಂದ ರೇಸಿನ ಗೇಮ್ ಮಾಡುತ್ತಿದ್ದೇನೆ, ಯಾರಿಗೂ ಆ ಮಾತು ಹೇಳಿದವಳಲ್ಲ.

ಅವನು ವೇಗ ಇಳಿಸಿದ. ಒಂದು ಮನೆಯ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಗಲು ಹಾಕಿತ್ತು. ನಿಲ್ಲಿಸು ಅಂದೆ, ನಿಲ್ಲಿಸಿದ. ಆರು ಅಂಗಿಗಳು. ಪ್ರತಿಯೊಂದಕ್ಕೂ ಗುಂಡಿಗಳಿದ್ದವು, ಒಂದರಲ್ಲಿ ಒಂದು ಗುಂಡಿ ಕಿತ್ತುಹೋಗಿ ದಾರ ಜೋತಾಡುತ್ತಿತ್ತು.

"ಅಲ್ಲೋ, ಇನ್ನೂರು ಕಿಲೋಮೀಟರ್ ಸ್ಪೀಡಲ್ಲಿ ಹೋಗೋರು ಇದನ್ನ ಯಾರೋ ನೋಡ್ತಾರೆ?"

"ನೀನು ನೋಡ್ತಿದೀಯಲ್ಲ," ಅಂದ.