ಪೀಪಾಯಿಗೆ ಒಂಟಿಯಾಗಿ ಬಂದ ಕರಡಿ

ಹಿಮ ಕರಗಿತೆಂದರೆ ಕೊಯ್ವುಲಾ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕರಡಿ. ಒಬ್ಬರ ಕಸದ ಡಬ್ಬ ಉರುಳಿತು, ಇನ್ನೊಬ್ಬರು ಹಕ್ಕಿಗಳಿಗೆ ತೂಗುಹಾಕಿದ್ದ ಕಾಳಿನ ಡಬ್ಬಿ ಪುಡಿಪುಡಿಯಾಯಿತು. ಚಳಿಗಾಲವೆಲ್ಲ ಅನ್ನನೀರಿಲ್ಲದೆ ಮಲಗಿ ಎದ್ದ ಪ್ರಾಣಿ, ಹಸಿಯದೆ ಏನು ಮಾಡೀತು? ಅದನ್ನು ಯೋಚಿಸುವ ತಾಳ್ಮೆ ಯಾರಿಗಿತ್ತು! ಉತ್ತರ ಒಂಟಾರಿಯೊದ ಆ ಕಾಡಂಚಿನಲ್ಲಿ ವಸಂತವೆಂದರೆ ಬಂದೂಕಿಗೆ ಎಣ್ಣೆ ಹಚ್ಚುವ ಕಾಲ.

ರೈಮೊ ಕೂಡ ಹಚ್ಚಿದ್ದ. ಅರವತ್ತೆಂಟು ವರ್ಷದ ಆಸಾಮಿ, ಮರದ ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನು. ದಿಮ್ಮಿ ಸಾಗಿಸುತ್ತಿದ್ದ ಹಳೇ ದಾರಿಯ ಪಕ್ಕ ಒಂದು ಪೀಪಾಯಿಯನ್ನು ಮರಕ್ಕೆ ಸರಪಳಿಯಿಂದ ಬಿಗಿದು, ಅದರ ತುಂಬ ಬೇಕರಿಯ ಹಳಸಿದ ಡೋನಟ್ ಸುರಿದು, ಮೇಲೆ ಕರಿದುಳಿದ ಎಣ್ಣೆ ಹೊಯ್ದಿದ್ದ. ಎದುರಿನ ಮರಕ್ಕೆ ಕ್ಯಾಮೆರಾ ಕಟ್ಟಿದ್ದ. ಐದು ದಿನದಿಂದ ಬೆಳಗ್ಗೆ ಏಳರ ಹೊತ್ತಿಗೆ ಒಂದು ದೊಡ್ಡ ಕರಿ ಕರಡಿ ಬಂದು ತಿಂದುಹೋಗುತ್ತಿತ್ತು. ಅದರ ಎಡಗಿವಿ ಹರಿದಿತ್ತು. ಐದು ದಿನವೂ ಅದು ಒಂಟಿ. ಶನಿವಾರ ಹೊಡೆಯುವುದೆಂದು ರೈಮೊ ನಿಶ್ಚಯಿಸಿದ್ದ.

ಗುರುವಾರ ಪಕ್ಕದ ಮನೆಯ ಸಿರ್ಕಾ ಮನವಿಪತ್ರ ಹಿಡಿದು ಬಂದಳು. ವಸಂತದ ಕರಡಿ ಬೇಟೆ ನಿಲ್ಲಿಸಿ ಎಂಬ ಮನವಿ. ಊರಿನ ಅಂಚೆ ಕಚೇರಿಯಲ್ಲಿದ್ದವಳು. ಹನ್ನೊಂದು ವರ್ಷದಿಂದ ವಸಂತ ಬಂದಾಗಲೆಲ್ಲ ಹೊಳೆದಂಡೆಯ ಬಂಡೆಯ ಮೇಲೆ ಕೂತು ಕರಡಿ ನೋಡಿ, ಕಂಡದ್ದನ್ನೆಲ್ಲ ಬರೆದಿಡುವ ಹೆಂಗಸು.

"ಬಾ ಸಿರ್ಕಕ್ಕ, ಕಾಫಿ ಕುಡಿ. ಸಹಿ ಮಾತ್ರ ಕೇಳ್ಬೇಡ," ಎಂದ ರೈಮೊ.

ಅವನ ಹೆಂಡತಿ ಲೆಂಪಿ ಏಲಕ್ಕಿ ಬ್ರೆಡ್ಡು ಕೊಯ್ದಿಟ್ಟಳು. ಸಿರ್ಕಾ ಒಂದು ತುಂಡು ಎತ್ತಿಕೊಂಡು, "ಕರಡಿ ಕಾಟ ಅಂತ ಗೋಳಾಡೋರೂ ನೀವೇ, ಕರೆದು ಡೋನಟ್ ಬಡಿಸೋರೂ ನೀವೇ. ಚೆನ್ನಾಗಿದೆ ಕಣಪ್ಪ ನಿಮ್ಮ ನ್ಯಾಯ!" ಎಂದಳು.

"ನಮ್ಮಪ್ಪ ಹೊಡೆದ, ನಾನೂ ಹೊಡೀತೀನಿ. ಹಾಗಂತ ಬಾಣಂತೀನ ಹೊಡೆಯೋ ಕಟುಕ ಅಲ್ಲ ನಾನು. ಮರಿ ಇರೋ ತಾಯಿನ ಮುಟ್ಟಬಾರ್ದು ಅಂತ ಕಾನೂನೇ ಇದೆ. ನೋಡು ಈ ಫೋಟೋ. ಐದು ದಿನದಲ್ಲಿ ಒಂದೇ ಒಂದು ಮರಿ ಕಾಣುತ್ತಾ?"

ಸಿರ್ಕಾ ಫೋಟೋಗಳನ್ನು ಒಂದೊಂದಾಗಿ ನೋಡಿದಳು. "ಇಲ್ಲಿ ಕಾಣಲ್ಲ. ಮರಿಗಳನ್ನ ಮರ ಹತ್ತಿಸಿಟ್ಟೇ ಕಣಯ್ಯ ತಾಯಿ ತಿನ್ನೋಕೆ ಹೊರಡೋದು. ನಿನ್ನ ಪೀಪಾಯಿ ಹತ್ರ ಅದು ಒಂಟೀನೇ."

"ಪುರಾಣ ಬಿಡು!" ಎಂದು ರೈಮೊ ನಕ್ಕ. ಆದರೆ ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕೈ ಒಣಗಿಯೇ ಇತ್ತು. ಲೆಂಪಿ ಅದನ್ನು ನೋಡಿದಳು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನಾಳೆ ಬೆಳಗ್ಗೆ ನನ್ ಜೊತೆ ಬಾ. ಬಂದೂಕು ಮನೇಲಿರ್ಲಿ," ಎಂದಳು ಸಿರ್ಕಾ.

"ಹೋಗ್ ಬನ್ರೀ," ಎಂದಳು ಲೆಂಪಿ. "ನೋಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಶುಕ್ರವಾರ ಬೆಳಕು ಹರಿಯುವಾಗ ಇಬ್ಬರೂ ಬಂಡೆಯ ಮೇಲಿದ್ದರು. ಹೊಳೆಯ ಆಚೆ ದಡದಲ್ಲಿ ದೊಡ್ಡದೊಂದು ಪೈನ್ ಮರ. ಸಿರ್ಕಾ ಒಣಹುಲ್ಲು ಉದುರಿಸಿ ಗಾಳಿ ಯಾವ ಕಡೆಗೆ ಎಂದು ನೋಡಿದಳು. ಗಾಳಿ ತಮ್ಮ ಕಡೆಗೇ ಬೀಸುತ್ತಿತ್ತು. "ಇನ್ನು ಮಾತಿಲ್ಲ," ಎಂದಳು.

ಆರೂವರೆಗೆ ಕರಡಿ ಬಂತು. ಹಿಂದೆಯೇ ಎರಡು ಮರಿ, ಒಂದರ ಕಾಲಿಗೆ ಇನ್ನೊಂದು ತೊಡರುತ್ತ. ತಾಯಿ ಮರದ ಬುಡದಲ್ಲಿ ನಿಂತು ಒಮ್ಮೆ ಗುರುಗುಟ್ಟಿತು. ಮರಿಗಳು ಸರಸರನೆ ಹತ್ತಿ, ಎತ್ತರದ ಕವಲಿನಲ್ಲಿ ಒತ್ತಿ ಕೂತವು. ತಾಯಿ ಮೇಲೆ ನೋಡಿ, ತಿರುಗಿ, ಹಳೇ ದಾರಿ ಹಿಡಿಯಿತು. ಅದರ ಎಡಗಿವಿ ಹರಿದಿತ್ತು.

ರೈಮೊ ದುರ್ಬೀನು ಇಳಿಸಿದ. ಅದು ಹೊರಟದ್ದು ಅವನ ಪೀಪಾಯಿಗೆ.

ಮುಕ್ಕಾಲು ಗಂಟೆ ಮರಿಗಳು ಅಲುಗಲಿಲ್ಲ. ತಾಯಿ ಮರಳಿ ಬಂದು ಗುರುಗುಟ್ಟಿದ ಮೇಲೇ ಇಳಿದು, ಹೊಟ್ಟೆಗೆ ಮುಖ ಹುದುಗಿಸಿ ಹಾಲು ಕುಡಿದವು. ಕುಡಿಯುವಾಗ ಅವು ಗುಂಯ್‌ಗುಡುವ ಸದ್ದು ಹೊಳೆ ದಾಟಿ ಕೇಳಿಸಿತು.

ತಾಯಿ ಮರಿ ಮರೆಯಾದ ಮೇಲೂ ರೈಮೊ ಏಳಲಿಲ್ಲ. "ಸಿರ್ಕಕ್ಕ, ಹೋದ ವರ್ಷದ ಹಿಂದಿನ ವರ್ಷ ನಾನೊಂದು ಹೊಡೆದೆ. ಒಂಟಿ ಅಂತಲೇ ಹೊಡೆದೆ. ಚರ್ಮ ಸುಲಿಯೋವಾಗ ಕೈಗೆ ಹಾಲು ಬಂತು."

ಸಿರ್ಕಾ ಬರೆಯುತ್ತಿದ್ದ ಪುಸ್ತಕ ಮುಚ್ಚಿದಳು.

"ಯಾರಿಗೂ ಹೇಳ್ಲಿಲ್ಲ. ಹುಡುಕೋಕೂ ಹೋಗ್ಲಿಲ್ಲ. ಎಷ್ಟು ದಿನ ಕಾಯ್ತವೆ, ಮರದ ಮೇಲೆ?"

ಸಮಾಧಾನಕ್ಕೊಂದು ಸುಳ್ಳು ಹೇಳಬಹುದಿತ್ತು. ಸಿರ್ಕಾ ಹೇಳಲಿಲ್ಲ. "ಎರಡು ದಿನ, ಮೂರು ದಿನ. ಕೂಗ್ತವೆ. ಆಮೇಲೆ ಹಸಿವು ತಡೀಲಾರ್ದೆ ಇಳೀತವೆ. ಇಷ್ಟು ಚಿಕ್ಕವು ತಾಯಿ ಇಲ್ದೆ ಬದುಕಲ್ಲ ಕಣಯ್ಯ."

ಮನೆಗೆ ಬಂದು ರೈಮೊ ಬೂಟು ಕೂಡ ಬಿಚ್ಚದೆ ಹೆಂಡತಿಯ ಮುಂದೆ ಎಲ್ಲ ಹೇಳಿಬಿಟ್ಟ. ಲೆಂಪಿ ಅವನ ಬಲಗೈ ಹಿಡಿದುಕೊಂಡಳು. "ಗೊತ್ತಿತ್ತು ಕಣ್ರೀ. ಅವತ್ತಿನ ಅಂಗಿ ಒಗೆದವಳು ನಾನೇ ಅಲ್ವಾ? ನೀವೇ ಹೇಳ್ತೀರ ಅಂತ ಕಾದೆ." ಅರವತ್ತೆಂಟರ ಗಂಡಸು ಅಡುಗೆಮನೆಯ ಕುರ್ಚಿಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತ.

ಮಧ್ಯಾಹ್ನ ಪೀಪಾಯಿಯನ್ನು ಬಿಚ್ಚಿ ಮನೆಗೆ ತಂದ. ಮನವಿಪತ್ರಕ್ಕೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿದರು. ಶನಿವಾರ ಸಂಜೆ ಅದನ್ನು ಹಿಡಿದು, ಊರಿನ ಬೇಟೆಗಾರರೆಲ್ಲ ಬಿಸಿ ಆವಿ ತೆಗೆದುಕೊಳ್ಳಲು ಸೇರುವ ಸೌನಾ ಮನೆಗೆ ರೈಮೊನೇ ಹೋದ.

"ಏನಪ್ಪಾ, ವಯಸ್ಸಾಯ್ತು, ಗುರಿ ತಪ್ತಿದೆ. ಅದಕ್ಕೇ ಸನ್ಯಾಸ!" ಎಂದೊಬ್ಬ ಕಿಚಾಯಿಸಿದ. ಉಳಿದವರು ನಕ್ಕರು.

"ನನ್ನ ಗುರಿ ತಪ್ಪಲಿಲ್ಲ ಕಣ್ರೋ," ಎಂದ ರೈಮೊ. "ಅದೇ ನನ್ನ ಸಂಕಟ." ಮತ್ತೆ ಆ ಹಾಲಿನ ಮಾತು ಹೇಳಿದ. ನಗು ನಿಂತಿತು. ಒಬ್ಬ ತಲೆ ತಗ್ಗಿಸಿಕೊಂಡೇ ಕೂತಿದ್ದ. ಹೊರಗೆ ಬಂದ ಮೇಲೆ ಮೊದಲು ಪೆನ್ನು ಕೇಳಿದವನು ಅವನೇ. ಎಲ್ಲರೂ ಸಹಿ ಹಾಕಲಿಲ್ಲ. ಏಳು ಜನ ಹಾಕಿದರು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕರಡಿ ನೋಡುವ ಆಸೆಯಿದ್ದರೆ ದೂರದಿಂದ ನೋಡಿ, ಸದ್ದಿಲ್ಲದೆ ನೋಡಿ. ಕಸದ ಡಬ್ಬ ಒಳಗಿಡಿ, ತಿಂಡಿ ಹಾಕಿ ಕರೆಯಬೇಡಿ. ವಸಂತದಲ್ಲಿ ಒಂಟಿ ಕರಡಿ ಕಂಡರೆ ಅದು ಒಂಟಿಯೆಂದು ನಂಬಬೇಡಿ. ಮರದ ಮೇಲೆ ಮರಿ ಕಂಡರೆ ಅನಾಥವೆಂದು ಇಳಿಸಲೂ ಹೋಗಬೇಡಿ, ದೂರ ಸರಿಯಿರಿ. ಮನವಿಪತ್ರ ನಿಮ್ಮ ಮನೆಗೂ ಬರುತ್ತದೆ, ಸಹಿ ಹಾಕಿ. ಆ ಮರಿಗಳಿಗೆ ತಾಯಿ ಇದೆ. ನಾವು ಬಿಟ್ಟರೆ ಅದು ವಾಪಸು ಬರುತ್ತದೆ.