ಹುಚ್ಚಮ್ಮ ಹೇಳಿದರೆ ಅಡ್ಮಿಟ್

ಚಟ್ಟದ ಬಿದಿರಿಗೆ ಗಂಟು ಬಿಗಿಯುತ್ತಿದ್ದ ಮುತ್ತನ ಕೈ ನಡುವೆಯೇ ನಿಂತಿತು. ಹಗ್ಗ ಕೆಳಗೆ ಬಿತ್ತು. ಎಡತೋಳು ಉಜ್ಜಿಕೊಳ್ಳುತ್ತ ಅವನು ಕಾಫಿ ತೋಟದ ಲೈನ್‌ಮನೆಯ ಜಗುಲಿಯ ಮೇಲೆ ಕುಳಿತುಬಿಟ್ಟ.

ಒಳಗೆ ತಾಯಿ ಹುಚ್ಚಮ್ಮನ ತಲೆದೆಸೆಯಲ್ಲಿ ಕುಳಿತಿದ್ದ ನೀಲಾವತಿಗೆ ಬಾಗಿಲಿನಿಂದ ಅದು ಕಾಣಿಸಿತು. ಜನವರಿಯ ಚಳಿಗೆ ಬಂದವರೆಲ್ಲ ಸ್ವೆಟರ್ ಹಾಕಿಕೊಂಡಿದ್ದರೆ ಪಕ್ಕದ ಮನೆಯ ಈ ಮುತ್ತ ಮಾಮನ ಹಣೆಯಿಂದ ಬೆವರು ಇಳಿಯುತ್ತಿತ್ತು.

"ಏನಾಯ್ತು ಮಾಮ?"

"ಏನಿಲ್ಲ ಕಣವ್ವ. ಎದೆ ಒಂಚೂರು ಹಿಡ್ಕಂಡಂಗೈತೆ. ಗ್ಯಾಸು. ಪರವಾಗಿಲ್ಲ."

ಈ 'ಪರವಾಗಿಲ್ಲ' ಇದೆಯಲ್ಲ, ಹುಚ್ಚಮ್ಮ ಬದುಕಿದ್ದರೆ ಆ ಮಾತಿಗೇ ಎದ್ದು ಬಂದು ಬೈಯುತ್ತಿದ್ದಳು. ನೀಲಾವತಿ ಎದ್ದು ತೋಟದ ಜೀಪಿನ ಡ್ರೈವರನ್ನು ಕೂಗಿದಳು.

"ಗಿರಿ, ಜೀಪು ತೆಗಿ. ಮಾಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

"ಗಿರಿ ಹೋಗ್ಲಿ, ನೀನೆಲ್ಲಿಗೆ?" ಎಂದ ಶನಿವಾರಸಂತೆಯಿಂದ ಬಂದಿದ್ದ ದೊಡ್ಡಪ್ಪನ ಮಗ ದೇವರಾಜು. "ಇರೋಳು ನೀನೊಬ್ಳೇ ಮಗಳು. ಬಾಯಿಗೆ ಅಕ್ಕಿ ಹಾಕೋರ್ಯಾರು? ಗುರುವಾರ ಕಣೇ, ಒಂದೂವರೆಗೆ ರಾಹುಕಾಲ. ಅಷ್ಟರೊಳಗೆ ಮಣ್ಣು ಮಾಡ್ಬೇಕು."

"ಗಿರಿ ಜೊತೆ ಕಳಿಸಿದ್ರೆ ಮಾಮ ಅಲ್ಲೂ ಪರವಾಗಿಲ್ಲ ಅಂತಾನೆ. ಎರಡು ಮಾತ್ರೆ ಇಸ್ಕೊಂಡು ವಾಪಸ್ ಬರ್ತಾರೆ."

"ತಾಯಿ ಹೆಣ ಬಿಟ್ಟು ಹೋಯ್ತೀಯಾ?"

ಆ ಮಾತು ನೀಲಾವತಿಗೆ ಚುಚ್ಚಿತು. ಮುತ್ತನೋ, ಮೈಯೆಲ್ಲ ಧೂಳೆಂದು ಮಿಂದು ಅಂಗಿ ಬದಲಿಸಿ ಬರಲು ಹೊರಟಿದ್ದ. ಅವಳು ಅವನ ರಟ್ಟೆ ಹಿಡಿದು ಇದ್ದ ಹಾಗೆಯೇ ಜೀಪಿಗೆ ಹತ್ತಿಸಿದಳು.

*

ಇಪ್ಪತ್ತಾರು ವರ್ಷದ ಹಿಂದೆ ನೀಲಾವತಿಯ ಅಪ್ಪನಿಗೂ ಹೀಗೇ ಎದೆ ಹಿಡಿದಿತ್ತು. ಆಸ್ಪತ್ರೆಗೆ ಹೇಗೆಂದರೆ ಹಾಗೆ ಹೋಗುವುದುಂಟೆ? ಹುಚ್ಚಮ್ಮ ಬಿಸಿನೀರು ಕಾಯಿಸಿ ಗಂಡನನ್ನು ಮೀಯಿಸಿದಳು. ತಲೆಗೆ ಎಣ್ಣೆ ಹಚ್ಚಿ ಕ್ರಾಪು ಬಾಚಿದಳು, ಮದುವೆಮನೆಗೆಂದು ಇಟ್ಟಿದ್ದ ಬಿಳಿ ಅಂಗಿ ತೊಡಿಸಿದಳು. ಡಾಕ್ಟರು "ಹೇಗಿದ್ದೀರಿ?" ಎಂದು ಕೇಳಿದರು. ದೊಡ್ಡವರೆದುರು ನರಳುವುದು ಮರ್ಯಾದೆಯಲ್ಲವೆಂದು ಆತ ಕೈಮುಗಿದು ನಕ್ಕು "ಪರವಾಗಿಲ್ಲ ಸಾರ್" ಎಂದ. ಔಷಧಿ ಬರೆದು ಮನೆಗೆ ಕಳಿಸಿದರು. ಬೆಳಗಾಗುವಷ್ಟರಲ್ಲಿ ಆತ ಇರಲಿಲ್ಲ.

"ಡಾಕ್ಟ್ರು ಏನ್ಮಾಡ್ತಾರೆ?" ಎಂದು ಹುಚ್ಚಮ್ಮ ಎದೆ ಬಡಿದುಕೊಂಡಿದ್ದಳು. "ನಾನು ತೋರ್ಸಿದ್ದು ನಿಮ್ಮಪ್ಪನ್ನಲ್ಲ ಕಣೇ, ಅಂಗಿನ!"

ಅಲ್ಲಿಂದೀಚೆಗೆ ಲೈನಿನಲ್ಲಿ ಯಾರು ಕಾಯಿಲೆ ಬಿದ್ದು ಮಲಗಿದರೂ ಕಾಫಿ ಹಣ್ಣಿನ ಪಿಕಿಂಗ್ ಬಿಟ್ಟು ಅವಳೇ ಜೊತೆಗೆ ಹೋಗುತ್ತಿದ್ದಳು. ರೋಗಿ ಬಾಯಿ ಬಿಡುವ ಮೊದಲೇ ಶುರು ಮಾಡುವಳು: ನಿನ್ನೆ ಏನು ಮಾಡುತ್ತಿದ್ದರು, ಇವತ್ತು ಏನು ಮಾಡಲಾಗುತ್ತಿಲ್ಲ, ಮನೆಯಲ್ಲಿ ನೋಡುವವರು ಯಾರು, ಮನೆ ಎಷ್ಟು ದೂರ. ಎಲ್ಲರನ್ನೂ ಸೇರಿಸಿಕೊಳ್ಳಿ ಎಂದು ಹಟ ಹಿಡಿದವಳೂ ಅಲ್ಲ. "ಇದು ಬರೀ ನೆಗಡಿ, ಬಾಯ್ಮುಚ್ಕೊಂಡು ನಡಿ" ಎಂದು ಎಷ್ಟೋ ಜನರನ್ನು ಗೇಟಿನಿಂದಲೇ ತಿರುಗಿಸಿದ್ದಳು. ಅದಕ್ಕೇ ಅವಳು ಹೇಳಿದರೆ ಡಾಕ್ಟರುಗಳು ಕಿವಿಗೊಡುತ್ತಿದ್ದರು.

*

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಡಾಕ್ಟರ್ ವಿನುತಾ ಈಸಿಜಿಯ ಹಾಳೆ ಬೆಳಕಿಗೆ ಹಿಡಿದು ನೋಡಿದರು.

"ಇದ್ರಲ್ಲಿ ಅಂಥದ್ದೇನೂ ಕಾಣ್ತಿಲ್ಲ. ಈಗ ಹೇಗಿದೆ ಅಜ್ಜ?"

"ಪರವಾಗಿಲ್ಲ ಮೇಡಂ," ಎಂದು ಮುತ್ತ ಮಲಗಿದಲ್ಲೇ ಕೈಮುಗಿದ.

ನೀಲಾವತಿ ಜನರೆದುರು ಮಾತಾಡಿದವಳೇ ಅಲ್ಲ. ಆಡುವ ಮಾತನ್ನೆಲ್ಲ ಅವಳಮ್ಮನೇ ಆಡಿ ಮುಗಿಸುತ್ತಿದ್ದಳಲ್ಲ. ಆದರೂ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಮುಂದೆ ಬಂದಳು.

"ಅವ್ರ ಮಾತು ಕೇಳ್ಬೇಡಿ ಮೇಡಂ. ನಿನ್ನೆ ಎರಡು ಮೂಟೆ ಕಾಫಿ ಹೊತ್ತೋರು ಇವತ್ತು ಒಂದು ಹಗ್ಗ ಬಿಗಿಯೋಕಾಗದೆ ಕೂತ್ಬಿಟ್ರು. ಆ ಚಳೀಲೂ ಬೆವರು. ಅರವತ್ತೆಂಟು ವರ್ಷ, ಮನೇಲಿ ಒಬ್ರೇ. ಸಂಜೆಯಾದ್ರೆ ನಮ್ಮ ರಸ್ತೆಗೆ ಆನೆ ಇಳೀತಾವೆ, ಆಮೇಲೆ ನೋವು ಜಾಸ್ತಿಯಾದ್ರೆ ಯಾವ ಜೀಪೂ ಬರಲ್ಲ."

ವಿನುತಾ ಪೆನ್ನು ಕೆಳಗಿಟ್ಟರು. "ನೀವು ಹುಚ್ಚಮ್ಮನ ಕಡೆಯವರಾ?"

"ಮಗಳು. ಅಮ್ಮ ಹೋಗ್ಬಿಟ್ಲು ಮೇಡಂ. ಇವತ್ತೇ ಮಣ್ಣು."

ವಿನುತಾ ಅವಳ ಮುಖವನ್ನೇ ನೋಡಿದರು. "ಸರಿ, ಕಳಿಸಲ್ಲ. ಒಂದು ಗಂಟೆ ಬಿಟ್ಟು ಇನ್ನೊಂದು ಈಸಿಜಿ ತೆಗೀತೀನಿ. ಯಾರಾದ್ರೂ ಜೊತೆಗಿರ್ಬೇಕಲ್ಲ."

ಗಡಿಯಾರದಲ್ಲಿ ಹನ್ನೆರಡು ಹೊಡೆಯುವುದರಲ್ಲಿತ್ತು. ಈಗ ಗಿರಿಯ ಜೀಪಿನಲ್ಲಿ ಹೊರಟರೆ ಅಮ್ಮನ ಮುಖ ಸಿಗುತ್ತಿತ್ತು, ಆದರೆ ಮಾಮನ ಹತ್ತಿರ ಯಾರೂ ಇರುತ್ತಿರಲಿಲ್ಲ. ಅವಳು ಹೊರಗೆ ಹೋಗಿ ದೇವರಾಜುವಿಗೆ ಫೋನು ಮಾಡಿದಳು.

"ನಂಗೆ ಬರೋಕಾಗಲ್ಲ ಅಣ್ಣ. ನೀವು ಎತ್ತಿ. ಅಕ್ಕಿ ನೀನೇ ಹಾಕು." ಇಷ್ಟು ಹೇಳಿ, ಗೋಡೆಗೆ ಮುಖ ಮಾಡಿ ಬಿಕ್ಕಿಬಿಕ್ಕಿ ಅತ್ತಳು.

ಮುಕ್ಕಾಲು ಗಂಟೆಗೇ ಮುತ್ತನಿಗೆ ನೋವು ಮರುಕಳಿಸಿತು. ಎರಡನೇ ಹಾಳೆಯಲ್ಲಿ ಗೆರೆ ಬದಲಾಗಿತ್ತು. ನರ್ಸುಗಳು ಓಡಾಡಿದರು, ಸೂಜಿ ಕೊಟ್ಟರು, ಎದೆಗೆ ಮಾನಿಟರಿನ ವೈರು ಅಂಟಿಸಿದರು. ಕೊನೆಗೆ ವಿನುತಾ ಹೊರಬಂದು ಹೇಳಿದರು: "ಅಡ್ಮಿಟ್ ಮಾಡಿದೀನಿ. ಈಗ ನೋವು ಇಳಿದಿದೆ. ಮನೆಗೆ ಕಳಿಸಿದ್ದಿದ್ರೆ ಕಷ್ಟ ಇತ್ತು. ಹುಷಾರಾಗ್ತಾರೆ, ಹೆದರ್ಬೇಡಿ."

ನೀಲಾವತಿ ಇಣುಕಿ ನೋಡಿದಳು. ಮುತ್ತ, ಮಣ್ಣಿನ ಕಾಲಿನಿಂದ ಬಿಳಿ ಹಾಸಿಗೆ ಕೊಳೆಯಾಯಿತೆಂದು ನರ್ಸಿನ ಕ್ಷಮೆ ಕೇಳುತ್ತಿದ್ದ.

ಅಷ್ಟರಲ್ಲಿ ಫೋನು ಬಂತು. ದೇವರಾಜು ಸಿಡುಕಿದ: "ಗೇಟಿಗೆ ಬಾರೇ. ಟೈಮಿಲ್ಲ."

ಆಸ್ಪತ್ರೆಯ ಮುಂದೆ ಪಿಕಪ್ ನಿಂತಿತ್ತು. ಹಿಂದೆ ಚೆಂಡುಹೂವಿನ ನಡುವೆ ಹುಚ್ಚಮ್ಮ ಮಲಗಿದ್ದಳು. ಪಕ್ಕದಲ್ಲಿ ದೇವರಾಜು ಅಕ್ಕಿಯ ತಟ್ಟೆ ಹಿಡಿದು ಕುಳಿತಿದ್ದ. "ಸ್ಮಶಾನದ ಹೊಳೆ ದಾರಿ ಬಿಟ್ಟು ನಾಲ್ಕು ಮೈಲಿ ಸುತ್ತಿ ಬಂದಿದ್ದೀವಿ, ಬೇಗ ಹಾಕು. ಚಿಕ್ಕಮ್ಮಂಗೆ ಇದೇನು ಹೊಸ ಜಾಗವಾ," ಎಂದವನ ದನಿ ಒಡೆಯಿತು.

ಹುಚ್ಚಮ್ಮ ಬಂದಿದ್ದಾಳಂತೆ ಎಂಬ ಸುದ್ದಿ ಆಗಲೇ ಒಳಗೆ ಹರಡಿತ್ತು. ಬೆಳಗಿನಿಂದ ಹೆರಿಗೆ ವಾರ್ಡಿನಲ್ಲಿದ್ದ ಆಯಾ ಚೋಮಿಗೆ ಹುಚ್ಚಮ್ಮ ಸತ್ತದ್ದು ಗೊತ್ತಿರಲಿಲ್ಲ. ಅವಳು ಗಾಲಿಕುರ್ಚಿ ತಳ್ಳಿಕೊಂಡು ದಡದಡನೆ ಓಡಿಬಂದಳು.

"ಹುಚ್ಚಕ್ಕ ಎಲ್ಲವ್ಳೆ? ಇವತ್ತು ಯಾರನ್ನ ಕರ್ಕಂಡು ಬಂದವ್ಳೆ?"

"ಮುತ್ತ ಮಾಮನ್ನ," ಎಂದಳು ನೀಲಾವತಿ, ಕಣ್ಣೊರೆಸಿಕೊಳ್ಳುತ್ತ. "ಒಳಗೆ ಸೇರಿಸ್ಕೊಂಡ್ರು."

ಅವಳು ಪಿಕಪ್ ಹತ್ತಿ ತಾಯಿಯ ಬಾಯಿಗೆ ಅಕ್ಕಿ ಹಾಕಿದಳು. ಹೂವಿನ ನಡುವಿನ ಮುಖ ಕಂಡ ಚೋಮಿ ಹಾಗೇ ನಿಂತುಬಿಟ್ಟಳು. ಆಮೇಲೆ ಖಾಲಿ ಕುರ್ಚಿಯನ್ನು ಬದಿಗೆ ಸರಿಸಿ, ಕೈಗಳನ್ನು ಸೀರೆಗೆ ಒರೆಸಿಕೊಂಡು, ತಾನೂ ಹಾಕುವೆನೆಂದು ಅಕ್ಕಿಗೆ ಬೊಗಸೆ ಚಾಚಿದಳು.